ಕೊಳಗ ಒಂದೇ ಇರಲಿ

ನಮ್ಮ ದೇಶಕ್ಕೆ ಬೇಕಾಗುವ ಕಚ್ಚಾ ಎಣ್ಣೆಯಲ್ಲಿ ನೂರಕ್ಕೆ 85ಕ್ಕೂ ಹೆಚ್ಚು ಪಾಲು ಹೊರದೇಶಗಳಿಂದ ಬರುತ್ತದೆ. ಪರ್ಶಿಯನ್ ಕೊಲ್ಲಿಯಲ್ಲಿ ಗುಂಡು ಹಾರಿದರೆ ಸಾಗರದ ಅಕ್ಕಿ ಗಿರಣಿಯ ಮುಂದೆ ನಿಂತ ಲಾರಿಯ ಬಾಡಿಗೆ ಏರುತ್ತದೆ. ಅದರ ಬೆನ್ನಿಗೇ ಅಂಗಡಿ ಸಾಮಾನಿನ ಬೆಲೆ, ಬಸ್ಸಿನ ಚಾರ್ಜು ಏರುತ್ತವೆ. ಏರದೆ ಉಳಿಯುವುದು ಕೂಲಿಯೊಂದೇ. ಕಾರ್ಮಿಕರೇ 1991ರಲ್ಲಿ ಕಟ್ಟಿ, ತೀರ್ಥಹಳ್ಳಿಯ ದಾರಿಗಳಲ್ಲೂ ಬಸ್ಸು ಓಡಿಸಿದ ಕೊಪ್ಪದ ಸಹಕಾರ ಸಾರಿಗೆ 2020ರಲ್ಲಿ ನಷ್ಟದಿಂದ ನಿಂತುಹೋಯಿತು. ಆ ನಷ್ಟದ ಕಾರಣಗಳಲ್ಲಿ ಡೀಸೆಲ್ ಬೆಲೆಯೂ ಒಂದು.

ಆದುದರಿಂದ ಎಣ್ಣೆಯ ಹಂಗು ಹರಿಯಬೇಕೆಂಬುದರಲ್ಲಿ ನಮಗೆ ಎರಡು ಮಾತಿಲ್ಲ. ಬಸ್ಸು, ಆಟೋ, ಲಾರಿಗಳು ವಿದ್ಯುತ್ತಿನಿಂದ ಓಡಲಿ. ಆದರೆ ಆ ವಿದ್ಯುತ್ತು ಎಲ್ಲಿಂದ ಬರಬೇಕು? ಅದರ ಬೆಲೆಯನ್ನು ಯಾರು ತೆರಬೇಕು?

ಸರ್ಕಾರ ಎರಡು ಕಡೆ ಬೆರಳು ತೋರಿಸುತ್ತಿದೆ. ಒಂದು, ಘಟ್ಟದ ಆಚೆಯ ಕೈಗಾ. ಅಲ್ಲಿನ 220 ಮೆಗಾವಾಟಿನ ನಾಲ್ಕು ಅಣು ಘಟಕಗಳ ಜೊತೆಗೆ 700 ಮೆಗಾವಾಟಿನ ಇನ್ನೆರಡನ್ನು ಸೇರಿಸುವ ಯೋಜನೆಯಿದೆ. ಮೊದಲನೆಯ ಘಟಕ 2018ರ ಕೊನೆಯವರೆಗೆ 962 ದಿನ ಎಡೆಬಿಡದೆ ನಡೆದುದನ್ನು ನಾವು ಅಲ್ಲಗಳೆಯುವುದಿಲ್ಲ. ಅಣುವಿದ್ಯುತ್ತಿಗೆ ಹೊಗೆಯಿಲ್ಲ, ಹಗಲು ರಾತ್ರಿಯ ಭೇದವಿಲ್ಲ. ಆದರೆ ಉರಿದುಳಿದ ಇಂಧನವನ್ನು ತಲೆತಲಾಂತರ ಕಾಯಬೇಕು. 1989ರಲ್ಲಿ ಶಿವರಾಮ ಕಾರಂತರು ಲೋಕಸಭೆಗೆ ಸ್ಪರ್ಧಿಸಿದ್ದು ಕೈಗಾ ಕುರಿತ ಜನರ ಆತಂಕವನ್ನು ಹೊತ್ತೇ. ಆ ಪ್ರಶ್ನೆಗೆ ಕನ್ನಡದಲ್ಲಿ, ಊರ ಜನರೆದುರು ಉತ್ತರ ಹೇಳುವುದು ಸರ್ಕಾರದ ಹೊಣೆ.

ಇನ್ನೊಂದು, ನಮ್ಮದೇ ಶರಾವತಿ. ಗೇರುಸೊಪ್ಪೆಯ ನೀರನ್ನು ತಲಕಳಲೆಗೆ ಮೇಲೆತ್ತಿ, ಬೇಕಾದಾಗ ಇಳಿಸಿ 2000 ಮೆಗಾವಾಟ್ ಪಡೆಯುವ ಯೋಜನೆ. ಇದರಿಂದ ಹೊಸ ವಿದ್ಯುತ್ತು ಹುಟ್ಟುವುದಿಲ್ಲ. ಇದೊಂದು ಕಣಜ, ತುಂಬಿದ್ದಕ್ಕಿಂತ ತೆಗೆಯುವುದು ಕಡಿಮೆ. ಬಿಸಿಲು, ಗಾಳಿಯ ವಿದ್ಯುತ್ತಿಗೆ ಕಣಜ ಬೇಕೆಂಬುದು ನಿಜ. ಆದರೆ ಸಿಂಗಳೀಕದ ಕಾಡನ್ನೇ ಅಗೆದು ಅದನ್ನು ಕಟ್ಟಬೇಕೇ?

1964ರಲ್ಲಿ ಲಿಂಗನಮಕ್ಕಿಯ ಹಿನ್ನೀರು ಸಾಗರ, ಹೊಸನಗರಗಳ ಗದ್ದೆ, ತೋಟ, ಮನೆಗಳನ್ನು ನುಂಗಿತು. ಶರಾವತಿ ಕೇಂದ್ರದ 1035 ಮೆಗಾವಾಟ್ ನಾಡಿಗೆಲ್ಲ ಬೆಳಕಾಯಿತು. ಬಳಿಕ ವಾರಾಹಿಗಾಗಿ ಹೊಸನಗರದಲ್ಲೇ ಮಾಣಿ ಅಣೆಕಟ್ಟು ಎದ್ದಿತು. ನೆಲ ಬಿಟ್ಟುಕೊಟ್ಟವರಲ್ಲಿ ಅನೇಕರಿಗೆ 60 ವರ್ಷ ಕಳೆದರೂ ಭೂಮಿಯ ಹಕ್ಕು ಸಿಕ್ಕಿಲ್ಲ. ಅವರು ಉಳುವ ನೆಲ ದಾಖಲೆಯಲ್ಲಿ ಅರಣ್ಯ. ಸಿಗಂದೂರಿನ ಜನಕ್ಕೆ ಸೇತುವೆ ದೊರೆತದ್ದು 2025ರ ಜುಲೈನಲ್ಲಿ!

1951ರಲ್ಲಿ ಕಾಗೋಡಿನ ಗೇಣಿದಾರರು ಎದ್ದದ್ದು ಕೊಳಗದ ಮೋಸದ ವಿರುದ್ಧ. ಗೇಣಿ ಅಳೆಯುವಾಗ ದೊಡ್ಡ ಕೊಳಗ ಬಂದಿತ್ತು. ಇಂದೂ ಮಲೆನಾಡಿನಿಂದ ಪಡೆಯುವಾಗ ದೊಡ್ಡ ಕೊಳಗ, ಕೊಡುವಾಗ ಸಣ್ಣ ಕೊಳಗ.

ನಮ್ಮ ಒತ್ತಾಯ ಇಷ್ಟು. ಹೊಸ ಯೋಜನೆಯ ಮೊದಲು ಹಳೆಯ ಸಂತ್ರಸ್ತರಿಗೆ ಹಕ್ಕುಪತ್ರ ಕೊಡಿ. ಯೋಜನೆಯ ಪೂರ್ತಿ ಲೆಕ್ಕವನ್ನು ಗ್ರಾಮಸಭೆಯ ಮುಂದಿಡಿ. ಸಿರಿವಂತನ ವಿದ್ಯುತ್ ಕಾರಿಗೆ ರಿಯಾಯಿತಿ ಕೊಡುವ ಮುನ್ನ ಸಾಗರ, ಹೊಸನಗರ, ತೀರ್ಥಹಳ್ಳಿಯ ದಾರಿಗಳಿಗೆ ವಿದ್ಯುತ್ ಬಸ್ಸು ಬರಲಿ. ಕಾರ್ಮಿಕರ ಸಹಕಾರ ಸಂಘಗಳಿಗೂ, ಸರಕು ಆಟೋ ಕೊಳ್ಳುವ ಸಣ್ಣ ವ್ಯಾಪಾರಿಗೂ ಅಗ್ಗದ ಸಾಲ ಸಿಗಲಿ.

ಗಿರಣಿಯಲ್ಲಿ ದುಡಿಯುವವರೂ ಅಂಗಡಿ ನಡೆಸುವವರೂ ಒಟ್ಟಾಗಿ ಇದನ್ನು ಕೇಳಬೇಕು. ಎಣ್ಣೆಯ ದಾಸ್ಯ ತೊಲಗಲಿ. ಅದಕ್ಕೆ ತೆರುವ ಬೆಲೆಯನ್ನು ಅಳೆಯುವ ಕೊಳಗ ಎಲ್ಲರಿಗೂ ಒಂದೇ ಇರಲಿ.