ಪರಂಗಿ ಹಣ್ಣೂ ಪರದೇಶದ ಹುಳುವೂ

ನಮ್ಮ ಹಿತ್ತಿಲ ಗಿಡಗಳಲ್ಲಿ ತಾನು ಹೊರನಾಡಿನಿಂದ ಬಂದುದನ್ನು ಹೆಸರಿನಲ್ಲಿಯೇ ಸಾರಿಕೊಂಡು ನಿಂತಿರುವುದು ಪರಂಗಿ ಗಿಡ. ಪರಂಗಿಯವರು ತಂದುದರಿಂದ ಅದು ಪರಂಗಿ. ಆದರೆ ಹಣ್ಣನ್ನು ಹೆಚ್ಚಿ ಮಕ್ಕಳ ಕೈಗೆ ಕೊಡುವ ತಾಯಿಗೆ ಇದು ಅನ್ಯದೇಶದ್ದೆಂಬ ಭಾವನೆ ಎಂದೂ ಬರುವುದಿಲ್ಲ. ಮೆಣಸಿನಕಾಯಿ, ಟೊಮೇಟೊ, ಆಲೂಗೆಡ್ಡೆ, ಕಡಲೆಕಾಯಿ, ಗೋಡಂಬಿ, ಮೆಕ್ಕೆಜೋಳ ಇವೆಲ್ಲವೂ ಅಮೆರಿಕ ಖಂಡದಿಂದ ಹೊರಟು ಹಡಗಿನಲ್ಲಿ ಬಂದವೇ. ಇಂದು ಇವನ್ನು ತೆಗೆದುಹಾಕಿದರೆ ನಮ್ಮ ಅಡಿಗೆಮನೆಯಲ್ಲಿ ಉಳಿಯುವುದು ಅಷ್ಟಕ್ಕಷ್ಟೇ. ಅತಿಥಿಗಳಾಗಿ ಬಂದವರು ಮನೆಯ ಮಕ್ಕಳಾಗಿ ಹೋದರು. ಈ ಮಾತನ್ನು ಮೊದಲಿಗೇ ನೆನೆಯುವುದಕ್ಕೆ ಕಾರಣವುಂಟು. ಹೊರನಾಡಿನ ಕೀಟವೊಂದು ನಮ್ಮ ಹೊಲಕ್ಕೆ ಬಿದ್ದಾಗಲೆಲ್ಲ ಏಳುವ ಕೂಗಿನಲ್ಲಿ ‘ಪರದೇಶ’ ಎಂಬ ಶಬ್ದಕ್ಕೆ ಸಲ್ಲಬೇಕಾದುದಕ್ಕಿಂತ ಹೆಚ್ಚಿನ ಒತ್ತು ಬೀಳುತ್ತಿದೆ. ದೋಷ ನಿಜವಾಗಿ ಎಲ್ಲಿದೆಯೆಂಬ ವಿಚಾರ ಹಿಂದೆ ಸರಿಯುತ್ತಿದೆ.

2018ರ ಮೇ ತಿಂಗಳಿನಲ್ಲಿ ಶಿವಮೊಗ್ಗದ ಮೆಕ್ಕೆಜೋಳದ ಹೊಲಗಳಲ್ಲಿ ಒಂದು ಹೊಸ ಹುಳು ಕಂಡುಬಂದಿತು. ಎಲೆಯ ಸುಳಿಯೊಳಗೆ ಅಡಗಿ ಕುಳಿತು, ತಿಂದ ಕಡೆಯೆಲ್ಲ ಮರದ ಪುಡಿಯಂಥ ಹಿಕ್ಕೆಯನ್ನು ತುಂಬುತ್ತಿದ್ದ ಆ ಹುಳುವಿನ ತಲೆಯ ಮೇಲೆ ತಲೆಕೆಳಗಾದ ಇಂಗ್ಲಿಷ್ ‘ವೈ’ ಅಕ್ಷರದಂಥ ಗೆರೆ. ಬಾಲದ ಸಮೀಪ ಚೌಕಾಕಾರದಲ್ಲಿ ನಾಲ್ಕು ಕಪ್ಪು ಚುಕ್ಕೆ. ಅಲ್ಲಿನ ಕೃಷಿ ವಿಶ್ವವಿದ್ಯಾಲಯದ ವಿಜ್ಞಾನಿಗಳು ಅದನ್ನು ಅಮೆರಿಕದ ಉಷ್ಣಪ್ರದೇಶಗಳ ‘ಫಾಲ್ ಸೈನಿಕ ಹುಳು’ ಎಂದು ಗುರುತಿಸಿದರು. ಭಾರತದಲ್ಲಿ ಅದರ ಮೊದಲ ದಾಖಲೆ ಇದೇ. ಎರಡು ವರ್ಷಗಳ ಹಿಂದೆ, 2016ರಲ್ಲಿ, ಅದು ಆಫ್ರಿಕದ ಪಶ್ಚಿಮ ಭಾಗದಲ್ಲಿ ಕಾಣಿಸಿಕೊಂಡು ಆ ಖಂಡದ ಬಹುಭಾಗವನ್ನು ವ್ಯಾಪಿಸಿತ್ತು. ನಮ್ಮಲ್ಲಿಗೆ ಬಂದ ವರ್ಷದೊಳಗಾಗಿ ಅದು ಈಶಾನ್ಯದ ಗುಡ್ಡಗಾಡುಗಳನ್ನೂ ಚೀನಾವನ್ನೂ ಮುಟ್ಟಿತು. 2020ರಲ್ಲಿ ಆಸ್ಟ್ರೇಲಿಯಕ್ಕೂ ಹೋಯಿತು. ಒಂದು ಹೆಣ್ಣು ಪತಂಗ ತನ್ನ ಅಲ್ಪಾಯುಷ್ಯದಲ್ಲಿ ಸಾವಿರಕ್ಕೂ ಮೇಲೆ ಮೊಟ್ಟೆಯಿಡುತ್ತದೆ. ಗಾಳಿ ಒದಗಿದರೆ ಒಂದು ರಾತ್ರಿಗೆ ನೂರು ಕಿಲೋಮೀಟರು ಹಾರಬಲ್ಲುದು. ಇಂಥದರ ಮುಂದೆ ಎರಡೆಕರೆಯ ರೈತ ಬೆಳಗ್ಗೆ ಎದ್ದು ತನ್ನ ಹೊಲದ ಬದುವಿನ ಮೇಲೆ ನಿಂತ ಚಿತ್ರವನ್ನು ಓದುಗರು ಊಹಿಸಿಕೊಳ್ಳಬೇಕು.

ಈ ಹುಳು ತನ್ನ ತವರಿನಲ್ಲಿಯೂ ಬೆಳೆಯನ್ನು ತಿನ್ನುತ್ತದೆ. ಆದರೆ ಅಲ್ಲಿ ಅದರ ಮೊಟ್ಟೆಯಲ್ಲಿ ತನ್ನ ಮೊಟ್ಟೆಯಿಡುವ ಕಣಜಗಳಿವೆ, ಅದರ ಮೈಯಲ್ಲಿ ಬೆಳೆಯುವ ಬೂಷ್ಟುಗಳಿವೆ, ಅದನ್ನು ಹೆಕ್ಕುವ ಹಕ್ಕಿಗಳಿವೆ. ಎಷ್ಟೋ ಸಹಸ್ರ ವರ್ಷಗಳ ಸಹವಾಸದಿಂದ ಹುಟ್ಟಿದ ಕಾವಲು ಅದು. ಹುಳು ಸಮುದ್ರ ದಾಟಿ ಬರುವಾಗ ಆ ಕಾವಲುಗಾರರಲ್ಲಿ ಬಹುಮಂದಿ ದಡದಲ್ಲಿಯೇ ಉಳಿದುಬಿಡುತ್ತಾರೆ. ನಾವು ಮೆಕ್ಕೆಜೋಳವನ್ನು ಕರೆದುಕೊಂಡೆವು. ಅದರ ಹಿಂದೆಯೇ ಹೊರಟ ಹಸಿದ ಬಂಟ ಶತಮಾನಗಳ ಮೇಲೆ ಬಂದು ತಲಪಿದ. ಬರುವಾಗ ಅವನಿಗೆ ಅಂಕುಶ ಹಾಕುವವರು ಜೊತೆಗಿರಲಿಲ್ಲ. ಹೊರಗಿನಿಂದ ಬಂದುದೆಲ್ಲ ಹಾನಿಕರವೆಂದೂ ಅಲ್ಲ. ಜೀವವೈವಿಧ್ಯವನ್ನು ಕುರಿತ ಅಂತರಸರ್ಕಾರಿ ವೇದಿಕೆ 2023ರಲ್ಲಿ ಹೊರಡಿಸಿದ ವರದಿಯಂತೆ, ಮನುಷ್ಯನ ಮೂಲಕ ಹೊಸ ನೆಲಗಳಲ್ಲಿ ನೆಲೆನಿಂತ ಜೀವಜಾತಿಗಳು ಸುಮಾರು 37,000. ಅವುಗಳಲ್ಲಿ ಹಾನಿಕರವೆಂದು ತಿಳಿದುಬಂದವು 3,500ಕ್ಕೂ ಮೇಲೆ. ಎಂದರೆ ಹೆಚ್ಚು ಕಡಮೆ ಹತ್ತರಲ್ಲೊಂದು. ಆ ಒಂದನ್ನು ಹತ್ತರ ನಡುವಿನಿಂದ ಆರಿಸಿ ತೆಗೆಯುವ ತಿಳಿವಳಿಕೆಯೇ ಇಲ್ಲಿ ಬೇಕಾದದ್ದು.

ಕೀಟ ಕಂಡೊಡನೆ ನಮಗೆ ಹೊಳೆಯುವ ಉಪಾಯ ಒಂದೇ: ವಿಷ. ಹೊಲ ಕೈಬಿಟ್ಟುಹೋಗುತ್ತಿರುವಾಗ ರೈತ ಔಷಧದ ಅಂಗಡಿಗೆ ಓಡಿದರೆ ಅವನನ್ನು ದೂರುವುದು ನ್ಯಾಯವಲ್ಲ. ಕೆಲವು ವೇಳೆ ಅದು ಅನಿವಾರ್ಯವೂ ಆದೀತು. ಆದರೆ ವಿಷಕ್ಕೆ ಶತ್ರುಮಿತ್ರರ ಭೇದ ತಿಳಿಯದು. ಸುಳಿಯ ಆಳದಲ್ಲಿ ಅಡಗಿದ ಹುಳು ಬದುಕಿಕೊಳ್ಳುತ್ತದೆ. ಎಲೆಯ ಮೇಲೆ ಅದನ್ನೇ ಹುಡುಕುತ್ತ ತಿರುಗುವ ಕಣಜ ಸಾಯುತ್ತದೆ. ಸೈನಿಕ ಹುಳು ಬಂದ ವರ್ಷವೇ ಕರ್ನಾಟಕದ ಹೊಲಗಳನ್ನು ಪರೀಕ್ಷಿಸಿದವರಿಗೆ ಇಲ್ಲಿನವೇ ಆದ ಕಣಜಗಳೂ, ಹುಳುವಿನ ಮೇಲೆ ಬೆಳೆದು ಅದನ್ನು ಕೊಲ್ಲುವ ಬೂಷ್ಟೊಂದೂ ಆಗಲೇ ಕೆಲಸಕ್ಕೆ ತೊಡಗಿದ್ದುದು ಕಂಡುಬಂದಿತು. ನೆಲ ತನ್ನ ಕಾವಲನ್ನು ತಾನೇ ಕಟ್ಟಿಕೊಳ್ಳಲು ಹೊರಟಿರುವಾಗ ಆ ಕಾವಲುಗಾರರ ಮೇಲೆಯೇ ವಿಷ ಎರಚುವುದು ಎಂಥ ವಿವೇಕ?

ತಾಳ್ಮೆಯ ದಾರಿ ಫಲಕೊಡುವುದಿಲ್ಲವೆನ್ನುವವರಿಗೆ ಪರಂಗಿ ಗಿಡವೇ ಉತ್ತರ ಹೇಳುತ್ತದೆ. 2008ರಲ್ಲಿ ಕೊಯಮತ್ತೂರಿನಲ್ಲಿ ಒಂದು ಹೊಸ ಹಿಟ್ಟು ತಿಗಣೆ ಕಾಣಿಸಿಕೊಂಡಿತು. ಬಿಳಿಯ ಬೂದಿ ಮೆತ್ತಿದಂತೆ ಅದು ಪರಂಗಿಯ ಎಲೆ, ಕಾಯಿ, ಕಾಂಡಗಳನ್ನು ಮುಚ್ಚಿತು. ಅಲ್ಲಿಂದ ಹಿಪ್ಪುನೇರಳೆಗೂ ಮರಗೆಣಸಿಗೂ ಹಬ್ಬಿತು. ರೇಷ್ಮೆ ಬೆಳೆಯುವವನ ಸಂಕಟವನ್ನು ಕೇಳಬೇಕೆ? ಸೊಪ್ಪಿಗೆ ವಿಷ ಹೊಡೆಯದಿದ್ದರೆ ತಿಗಣೆ ಸೊಪ್ಪನ್ನು ಕೆಡಿಸುತ್ತದೆ. ಹೊಡೆದರೆ ಅದೇ ಸೊಪ್ಪನ್ನು ತಿಂದ ರೇಷ್ಮೆಹುಳು ಸಾಯುತ್ತದೆ. ಆಗ ಬೆಂಗಳೂರಿನ ಹೆಬ್ಬಾಳದಲ್ಲಿರುವ ರಾಷ್ಟ್ರೀಯ ಕೃಷಿಕೀಟ ಸಂಸ್ಥೆಯವರು, ಆ ತಿಗಣೆಯ ತವರಿನ ಕಡೆಯಲ್ಲಿ ಅದನ್ನು ಹತೋಟಿಯಲ್ಲಿಟ್ಟಿದ್ದ ಮೂರು ಜಾತಿಯ ಅತಿಸೂಕ್ಷ್ಮ ಕಣಜಗಳನ್ನು ಅಮೆರಿಕದ ವಿಜ್ಞಾನಿಗಳ ನೆರವಿನಿಂದ 2010ರಲ್ಲಿ ಪೋರ್ಟೊ ರಿಕೋದಿಂದ ತರಿಸಿದರು. ಪರೀಕ್ಷಿಸಿ, ಬೆಳೆಸಿ, ತೋಟಗಳಲ್ಲಿ ಬಿಟ್ಟರು. ಸಾಸಿವೆ ಕಾಳಿಗಿಂತ ದೊಡ್ಡದಲ್ಲದ ಆ ಕಣಜಗಳು ಬಿಟ್ಟ ಕಡೆಯೆಲ್ಲ ಕೆಲವು ತಿಂಗಳುಗಳಲ್ಲಿಯೇ ತಿಗಣೆಯನ್ನು ತಗ್ಗಿಸಿದವು. ಅದಕ್ಕಾಗಿ ರೈತ ಸಾಲ ಮಾಡಬೇಕಾಗಲಿಲ್ಲ.

ಹಾಗೆಂದು ಪರದೇಶದ ಜೀವಿಯನ್ನು ಯಾರು ಬೇಕಾದರೂ ತರಬಹುದೆಂದಲ್ಲ. 1795ರಲ್ಲಿ ಈಸ್ಟ್ ಇಂಡಿಯಾ ಕಂಪೆನಿಯ ಕಾಲದಲ್ಲಿ, ಕೆಂಪು ಬಣ್ಣದ ಆಸೆಯಿಂದ, ಬ್ರೆಜಿಲಿನಿಂದ ಬಂಗಾಳಕ್ಕೆ ಕೋಚಿನೀಲ್ ಕೀಟವನ್ನು ತಂದರು. ತಂದದ್ದು ಒಳ್ಳೆಯ ಬಣ್ಣ ಕೊಡುವ ಜಾತಿಯಲ್ಲ, ಅದರ ದಾಯಾದಿ. ಬಣ್ಣದ ವ್ಯಾಪಾರ ಕೈಗೂಡಲಿಲ್ಲ. ಆದರೆ ಆ ಕೀಟ ಹೊಲಗದ್ದೆಗಳನ್ನು ಆಕ್ರಮಿಸಿದ್ದ ಒಂದು ಜಾತಿಯ ಪಾಪಾಸುಕಳ್ಳಿಯನ್ನು ತಿಂದು ನೆಲವನ್ನು ಬಿಡಿಸಿಕೊಟ್ಟಿತು. ತಪ್ಪು ಗುರುತಿನಿಂದ ಒಳಿತಾದ ಅಪರೂಪದ ಪ್ರಸಂಗವಿದು. ಅದೇ ಕೀಟ ಬೆಳೆಯ ಮೇಲೆ ಬಾಯಿ ಹಾಕಿದ್ದರೆ ಏನು ಗತಿ? ಇದಕ್ಕೆ ಎದುರಾಗಿ 1984ರಲ್ಲಿ ಪಾರ್ಥೇನಿಯಂ ಕಳೆಯ ನಿವಾರಣೆಗೆಂದು ಬೆಂಗಳೂರಿನಲ್ಲಿ ಬಿಟ್ಟ ಮೆಕ್ಸಿಕೋದ ದುಂಬಿಯನ್ನು ನೋಡಬಹುದು. ಪರೀಕ್ಷೆ ನಡೆಸಿಯೇ ಬಿಟ್ಟದ್ದು. ಆದರೂ ಅದು ಸೂರ್ಯಕಾಂತಿಯನ್ನು ಮೇಯುತ್ತದೆಂಬ ಆತಂಕ ಹುಟ್ಟಿತು. ಅದರ ಹಂಚಿಕೆಯನ್ನು ತಡೆದು, ಸಮಿತಿ ನೇಮಿಸಿ, ವಿಚಾರಣೆ ನಡೆಸಿ, ಬೆಳೆಗೆ ಅಪಾಯವಿಲ್ಲವೆಂದು ಕಂಡುಕೊಂಡ ಮೇಲೆ ತಡೆಯನ್ನು ತೆಗೆದರು. ಅನುಮಾನ ಬಂದಾಗ ನಿಲ್ಲಿಸಿ ನೋಡುವ ಈ ಕ್ರಮವೇ ವಿಜ್ಞಾನದ ಮರ್ಯಾದೆ.

ಬಾಗಿಲು ಕಾಯಲು ನಮ್ಮಲ್ಲಿ ಕಾನೂನಿಲ್ಲವೆಂದಲ್ಲ. 1914ರ ಕೀಟ ಶಾಸನವಿದೆ. 2003ರ ಸಸ್ಯ ನಿರ್ಬಂಧ ಆಜ್ಞೆಯಿದೆ. ಬಂದರು, ವಿಮಾನ ನಿಲ್ದಾಣಗಳಲ್ಲಿ ಬೀಜ, ಸಸಿ, ಹಣ್ಣುಗಳ ತಪಾಸಣೆ ಬಿಗಿಯಾದಷ್ಟೂ ಒಳ್ಳೆಯದು. ಆದರೆ ರಾತ್ರಿ ಗಾಳಿಯನ್ನೇರಿ ಬರುವ ಪತಂಗಕ್ಕೆ ರಹದಾರಿ ಬೇಡ. ಎಷ್ಟು ಕಾದರೂ ಒಂದಷ್ಟು ಒಳಗೆ ಬಂದೇ ಬರುತ್ತವೆ. ಬಂದ ಮೊದಲ ವಾರಗಳಲ್ಲಿ ಗುರುತು ಹಿಡಿದರೆ ಕೆಲಸ ಒಂದು ತೋಟದ್ದು. ಎರಡು ವರ್ಷ ಕಳೆದರೆ ಒಂದು ದೇಶದ್ದು. ಕೋಟೆ ಸೂರೆಹೋದ ಮೇಲೆ ದಿಡ್ಡಿಬಾಗಿಲು ಹಾಕಿದರೇನು ಫಲ?

ಗುರುತು ಹಿಡಿಯುವವರು ಯಾರು? ಇಲ್ಲಿ ಅಧ್ಯಾಪಕರೊಡನೆಯೂ ವಿದ್ಯಾರ್ಥಿಗಳೊಡನೆಯೂ ಒಂದು ಮಾತು ಆಡಬೇಕಾಗಿದೆ. ನಮ್ಮ ಮಕ್ಕಳಿಗೆ ಚಿತ್ರದ ಸಿಂಹ ಗೊತ್ತು, ಜಿರಾಫೆ ಗೊತ್ತು. ಕಿಟಕಿಯ ಹೊರಗೆ ದಾಸವಾಳದ ಎಲೆಯ ಹಿಂದೆ ಕುಳಿತ ಆರು ಕಾಲಿನ ಜೀವಿಯನ್ನು ತೋರಿಸಿದರೆ ‘ಹುಳ’ ಎಂಬ ಒಂದೇ ಉತ್ತರ. ಕೀಟಗಳ ಜಾತಿಯನ್ನು ಬಿಡಿಸಿ ಹೆಸರಿಡುವ ವಿದ್ಯೆಯನ್ನು ನಾವು ಹಳೆಯ ಕಾಲದ ಗುಮಾಸ್ತಗಿರಿಯೆಂದು ತಿಳಿದು ಮೂಲೆಗೆ ತಳ್ಳುತ್ತಿದ್ದೇವೆ. ಗಾಜಿನ ಪೆಟ್ಟಿಗೆಗಳಲ್ಲಿ ಸೂಜಿಗೆ ಚುಚ್ಚಿಟ್ಟ ಪತಂಗಗಳ ಸಾಲು ನೋಡುವವರಿಗೆ ನಿರ್ಜೀವವಾಗಿ ತೋರಬಹುದು. ಆದರೆ ಹೊಸ ಹುಳು ಬಂದ ದಿನ ಹೋಲಿಸಿ ನೋಡಲು ಒದಗುವುದು ಆ ಸಾಲೇ. ಹಿಟ್ಟು ತಿಗಣೆಗಳಲ್ಲಿ ಜಾತಿ ಅನೇಕ. ಇದು ಇಂಥದೇ ಎಂದು ತಿಳಿಯದಿದ್ದರೆ ಅದರ ತವರು ತಿಳಿಯದು, ತವರು ತಿಳಿಯದಿದ್ದರೆ ಅದರ ವೈರಿ ದೊರಕದು. ಹೆಸರೇ ಇಲ್ಲಿ ಔಷಧದ ಮೊದಲ ಗುಟುಕು.

ಪ್ರತಿಯೊಂದು ಹಳ್ಳಿಯ ಶಾಲೆಯಲ್ಲಿಯೂ ಮಕ್ಕಳು ತಮ್ಮ ಊರ ಹೊಲದ ಕೀಟಗಳ ಪಟ್ಟಿಯೊಂದನ್ನು ಬರೆದಿಡಲಿ. ಇದಕ್ಕೆ ದೊಡ್ಡ ಹಣ ಬೇಡ; ಒಂದು ನೋಟ್ ಪುಸ್ತಕ, ಒಂದು ಭೂತಗನ್ನಡಿ, ನೋಡಲು ಕಲಿಸುವ ಒಬ್ಬ ಮೇಷ್ಟರು ಇದ್ದರೆ ಸಾಕು. ನಮ್ಮೂರಿನದು ಯಾವುದೆಂದು ಬಲ್ಲವನಿಗಷ್ಟೇ ನಮ್ಮೂರಿನದಲ್ಲದ್ದು ಕಣ್ಣಿಗೆ ಬೀಳುತ್ತದೆ. ಪರಂಗಿಯ ಹಣ್ಣೂ ಹೊರಗಿನದು. ಅದನ್ನು ಕಾಡಿದ ತಿಗಣೆಯೂ ಹೊರಗಿನದು. ಅದನ್ನು ಉಳಿಸಿದ ಕಣಜವೂ ಹೊರಗಿನದು. ಮೂರನ್ನೂ ಬೇರೆ ಬೇರೆಯಾಗಿ ಗುರುತಿಸುವ ಕಣ್ಣನ್ನು ಮಾತ್ರ ಹೊರಗಿನಿಂದ ತರಿಸಿಕೊಳ್ಳಲಾಗದು. ಅದನ್ನು ನಾವು ಇಲ್ಲಿಯೇ ಬೆಳೆಸಬೇಕು.