ಹರಕೆ ತೀರಿದ ಮೇಲೂ ಉಳಿಯುವ ಋಣ

ಗುರುವಾರ ಬೆಂಗಳೂರಿನ ವಿವೇಕನಗರದ ಬಾಲಯೇಸು ದೇವಾಲಯದಲ್ಲಿ ಸೇರುವ ಜನರಲ್ಲಿ ಕ್ರೈಸ್ತರಲ್ಲದವರೂ ಸಾಕಷ್ಟು ಇರುತ್ತಾರೆ. ಕೆಲಸ ಸಿಕ್ಕಿತು, ಮಗುವಾಯಿತು, ಆಪರೇಷನ್ ಸುಸೂತ್ರವಾಗಿ ಮುಗಿಯಿತು ಎಂದು ಮೇಣದಬತ್ತಿ ಹಚ್ಚಿ, ಹರಕೆ ತೀರಿಸಿ ಹೋಗುತ್ತಾರೆ. ದಕ್ಷಿಣ ಭಾರತ ಸಭೆಯ (ಸಿಎಸ್‌ಐ) ಬೆಳೆಹಬ್ಬದಲ್ಲಿ ಜನ ತಂದೊಪ್ಪಿಸಿದ ಕುಂಬಳಕಾಯಿ, ಬಾಳೆಗೊನೆ, ಕೋಳಿ ಆರಾಧನೆಯ ಬಳಿಕ ಏಲಂಗೆ ಬರುತ್ತವೆ. ಪೇಟೆಯಲ್ಲಿ ಯಾರೂ ಕೊಡದ ಬೆಲೆಗೆ ಒಂದು ತೆಂಗಿನಕಾಯಿ ಹೋಗುತ್ತದೆ. ಅದು ತೆಂಗಿನಕಾಯಿಯ ಬೆಲೆಯಲ್ಲ ಎಂಬುದು ಕೂಗಿದವನಿಗೂ ಗೊತ್ತು. ಈ ಯಾವುದನ್ನೂ ಹಗುರವಾಗಿ ಕಾಣಬೇಕಿಲ್ಲ. ಪಡೆದದ್ದನ್ನು ನೆನೆಯದ ಮನಸ್ಸಿಗಿಂತ ನೆನೆಯುವ ಮನಸ್ಸು ಯಾವಾಗಲೂ ಮೇಲು. ಆದರೆ ಕ್ರೈಸ್ತನ ಕೃತಜ್ಞತೆಯ ಲೆಕ್ಕ ಇಷ್ಟಕ್ಕೇ ನಿಂತುಬಿಟ್ಟರೆ ಆ ಧರ್ಮದ ನಡುಗಂಬವೇ ಹೊರಗುಳಿಯುತ್ತದೆ. ಕ್ರಿಸ್ತನಿಂದ ಸಿಕ್ಕಿದ್ದಕ್ಕೆ ಹೇಳುವ ಸ್ತೋತ್ರ ಒಂದು. ಕ್ರಿಸ್ತನೊಂದಿಗೆ ತಾನು ಒಂದಾಗಿದ್ದೇನೆ ಎಂಬುದಕ್ಕೇ ಹೇಳುವ ಸ್ತೋತ್ರ ಇನ್ನೊಂದು. ಎರಡನೆಯದು ಮೊದಲನೆಯದಕ್ಕಿಂತ ಆಳವಾದದ್ದು, ಹೆಚ್ಚು ದುಬಾರಿಯಾದದ್ದು ಎಂಬುದು ನನ್ನ ವಾದ.

ಬೈಬಲಿನಲ್ಲಿರುವ ಅಪೊಸ್ತಲ ಪೌಲನ ಪತ್ರಗಳನ್ನು ಓದಿದವರಿಗೆ ‘ಕ್ರಿಸ್ತನಲ್ಲಿ’ ಎಂಬ ಮಾತು ಎಷ್ಟು ಸಲ ಎದುರಾಗುತ್ತದೆಂದು ತಿಳಿದಿರುತ್ತದೆ. ಜರ್ಮನ್ ವಿದ್ವಾಂಸ ಅಡೋಲ್ಫ್ ಡೈಸ್‌ಮನ್ 1892ರಲ್ಲಿ ಈ ಒಂದು ಪದಪ್ರಯೋಗದ ಮೇಲೆಯೇ ಪುಸ್ತಕ ಬರೆದ. ದೀಕ್ಷಾಸ್ನಾನವೆಂದರೆ ಕ್ರಿಸ್ತನ ಜೊತೆ ಸತ್ತು, ಹೂಳಲ್ಪಟ್ಟು, ಹೊಸ ಬಾಳಿಗೆ ಏಳುವುದು ಎಂದು ರೋಮಾಪುರದವರಿಗೆ ಬರೆದ ಪತ್ರದ ಆರನೆಯ ಅಧ್ಯಾಯ ಹೇಳುತ್ತದೆ. ಯೋಹಾನನ ಸುವಾರ್ತೆಯಲ್ಲಿ ಯೇಸು ತನ್ನನ್ನು ದ್ರಾಕ್ಷಾಬಳ್ಳಿಗೂ ಶಿಷ್ಯರನ್ನು ಅದರ ಕೊಂಬೆಗಳಿಗೂ ಹೋಲಿಸುತ್ತಾನೆ. ಇವುಗಳಿಗಿಂತಲೂ ಫಿಲಿಪ್ಪಿಯವರಿಗೆ ಬರೆದ ಪತ್ರ ನನಗೆ ಗಟ್ಟಿ ಸಾಕ್ಷಿಯಾಗಿ ಕಾಣುತ್ತದೆ. ಅದು ಸೆರೆಯಿಂದ ಬರೆದದ್ದು. ಬಿಡುಗಡೆಯೋ ಮರಣವೋ ಇನ್ನೂ ತೀರ್ಮಾನವಾಗಿಲ್ಲ; ಹರಕೆ ಫಲಿಸಿಲ್ಲ. ಆದರೂ ಪತ್ರದ ಆರಂಭದಲ್ಲೇ ಸ್ತೋತ್ರ, ಉದ್ದಕ್ಕೂ ಸಂತೋಷ. ಬದುಕಿದರೂ ಸತ್ತರೂ ತನ್ನಿಂದ ಕಿತ್ತುಕೊಳ್ಳಲಾಗದ ಸಂಬಂಧವೊಂದು ಆಗಲೇ ಕೈಗೂಡಿದೆ ಎಂದು ಪೌಲ ನಂಬಿದ್ದ. ವರ ಸಿಕ್ಕಿತೆಂದು ಹೇಳುವ ವಂದನೆ ವರ ತಪ್ಪಿದ ದಿನ ಬಾಯಿ ಮುಚ್ಚುತ್ತದೆ. ಈ ವಂದನೆಗೆ ಆ ಭಯವಿಲ್ಲ.

ಸೆರೆಯಲ್ಲೂ ಸ್ತೋತ್ರ ಹೇಳಿಸುವ ಧರ್ಮ ನೊಂದವರ ಬಾಯಿಗೆ ಬೀಗ ಹಾಕುತ್ತದಲ್ಲ ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆ. ಸಂಬಳ ಕೊಡದ ಧಣಿಗೂ, ಹೊಡೆಯುವ ಗಂಡನಿಗೂ ದೇವರ ಹೆಸರಲ್ಲಿ ತಲೆಬಾಗು ಎನ್ನುವ ಬೋಧಕರು ಎಲ್ಲ ಕಾಲದಲ್ಲೂ ಇದ್ದಾರೆ. ಆದರೆ ಥೆಸಲೊನೀಕದವರಿಗೆ ಪೌಲ ಹೇಳಿದ್ದು ಎಲ್ಲ ಸ್ಥಿತಿಯಲ್ಲಿಯೂ ಕೃತಜ್ಞರಾಗಿರಿ ಎಂದು. ಆ ಸ್ಥಿತಿಯನ್ನೇ ಹೊಗಳಿ ಎಂದಲ್ಲ. ಫಿಲಿಪ್ಪಿಯಲ್ಲಿ ವಿಚಾರಣೆಯಿಲ್ಲದೆ ಹೊಡೆಸಿ ಸೆರೆಗೆ ಹಾಕಿದ ಅಧಿಕಾರಿಗಳು ಮರುದಿನ ಗುಟ್ಟಾಗಿ ಸಾಗಹಾಕಲು ನೋಡಿದಾಗ, ತಾನು ರೋಮ್‌ನ ಪ್ರಜೆ, ಅವರೇ ಬಂದು ಹೊರಗೆ ಕರೆದೊಯ್ಯಲಿ ಎಂದು ಪಟ್ಟುಹಿಡಿದವನೂ ಇದೇ ಪೌಲ. ಹಿಂದಿನ ರಾತ್ರಿ ಅದೇ ಸೆರೆಯಲ್ಲಿ ಅವನು ಕೀರ್ತನೆ ಹಾಡುತ್ತಿದ್ದನೆಂದು ಅಪೊಸ್ತಲರ ಕೃತ್ಯಗಳು ಹೇಳುತ್ತದೆ. ಹಾಡೂ ಹಕ್ಕೊತ್ತಾಯವೂ ಒಂದೇ ಬಾಯಿಂದ ಬಂದವು.

ಇನ್ನೊಂದು ಆಕ್ಷೇಪ ಕ್ರೈಸ್ತರೊಳಗಿನದೇ. ಎಲ್ಲವೂ ಕೃಪೆಯಿಂದ, ಪುಕ್ಕಟೆಯಾಗಿ ಸಿಕ್ಕಿದೆ ಎಂದರೆ ಒಳ್ಳೆಯವನಾಗಿ ಬಾಳುವ ಗೊಡವೆ ಯಾರಿಗೆ? ಜರ್ಮನಿಯ ಮತಸುಧಾರಕ ಲೂಥರ್ 1520ರಲ್ಲಿ ಕ್ರೈಸ್ತನ ಸ್ವಾತಂತ್ರ್ಯದ ಕುರಿತು ಬರೆದ ಕಿರುಹೊತ್ತಗೆಯಲ್ಲಿ ಕ್ರಿಸ್ತನನ್ನು ಮದುಮಗನಿಗೂ ವಿಶ್ವಾಸಿಯ ಆತ್ಮವನ್ನು ಮದುಮಗಳಿಗೂ ಹೋಲಿಸಿದಾಗಲೇ ಈ ಪ್ರಶ್ನೆ ಎದ್ದಿತ್ತು. ಉತ್ತರ ಅಚ್ಚುಕಟ್ಟಾಗಿ ಸಿಗುವುದು 1563ರ ಹೈಡೆಲ್‌ಬರ್ಗ್ ಪ್ರಶ್ನೋತ್ತರ ಬೋಧೆಯಲ್ಲಿ. 129 ಪ್ರಶ್ನೆಗಳ ಆ ಪುಸ್ತಕದಲ್ಲಿ ಮೂರು ಭಾಗ: ಮನುಷ್ಯನ ದುರವಸ್ಥೆ, ಬಿಡುಗಡೆ, ಕೃತಜ್ಞತೆ. ದಶಾಜ್ಞೆ, ಪ್ರಾರ್ಥನೆ ಎರಡೂ ಮೂರನೆಯ ಭಾಗದಲ್ಲಿವೆ. ನೀತಿಯನ್ನು ದೇವರಿಗೆ ತೆರುವ ಶುಲ್ಕವೆಂದು ಕಾಣದೆ ಕೃತಜ್ಞತೆಯ ಖಾತೆಗೆ ಹಾಕಿದ್ದಾರೆ. ಕ್ರಿಸ್ತನಲ್ಲಿ ಕಸಿ ಕಟ್ಟಲ್ಪಟ್ಟವರು ಕೃತಜ್ಞತೆಯ ಫಲ ಕೊಡದೆ ಇರಲಾರರು ಎಂಬುದು 64ನೆಯ ಪ್ರಶ್ನೆಗೆ ಕೊಟ್ಟ ಉತ್ತರದ ಸಾರ. ಕೂಲಿಗಾಗಿ ಮಾಡುವ ಒಳ್ಳೆಯತನ ಕೂಲಿ ನಿಂತ ದಿನ ನಿಲ್ಲುತ್ತದೆ. ಬೋಧೆ ಬರೆದವರಿಗೆ ಮನುಷ್ಯನ ಈ ಬುದ್ಧಿ ಚೆನ್ನಾಗಿ ಗೊತ್ತಿತ್ತೆಂದು ಕಾಣುತ್ತದೆ.

ಒಂದಾಗುವುದು ಎಂದೊಡನೆ ಕನ್ನಡದ ಓದುಗರಿಗೆ ಶರಣರ ಷಟ್‌ಸ್ಥಲದ ಕೊನೆಯ ಐಕ್ಯಸ್ಥಲ ನೆನಪಾಗುವುದು ಸಹಜ. ಎರಡನ್ನೂ ಒಂದೇ ಎಂದು ಸಾರಿಸಿಬಿಡುವ ಉತ್ಸಾಹ ನನಗಿಲ್ಲ. ಯಾವುದು ಮೇಲು ಎಂದು ತೂಗುವ ಹಕ್ಕೂ ಇಲ್ಲ. ಕ್ರೈಸ್ತ ಐಕ್ಯದ ಬಗೆಗೆ ಇಷ್ಟು ಹೇಳಬಹುದು: ಗಲಾತ್ಯದವರಿಗೆ ಬರೆಯುವಾಗ ಪೌಲ ಕ್ರಿಸ್ತನೇ ತನ್ನಲ್ಲಿ ಜೀವಿಸುತ್ತಾನೆ ಎನ್ನುತ್ತಾನೆ, ಅದೇ ಉಸಿರಿನಲ್ಲಿ ತನ್ನನ್ನು ಪ್ರೀತಿಸಿ ತನಗಾಗಿ ಜೀವ ಕೊಟ್ಟವನನ್ನೂ ನೆನೆಯುತ್ತಾನೆ. ಒಂದಾದ ಮೇಲೂ ಇಬ್ಬರು ಇದ್ದಾರೆ. ಕೊಟ್ಟವನು ಎದುರಿಗೆ ಉಳಿಯುವುದರಿಂದಲೇ ಋಣದ ಮಾತು ಮುಗಿಯುವುದಿಲ್ಲ.

ಒಳಗಿನ ಈ ಐಕ್ಯವನ್ನು ಹೊರಗಿನವರು ಅಳೆಯುವುದು ಹೇಗೆ? ಅಳೆಯಲಾಗದು. ಫಲವನ್ನಂತೂ ನೋಡಬಹುದು, ಭಾರತದ ಸಭೆಗಳು ಮುಗ್ಗರಿಸುವುದೂ ಇಲ್ಲೇ. ಒಬ್ಬನೇ ಕ್ರಿಸ್ತನೊಂದಿಗೆ ಒಂದಾದವರು ಪರಸ್ಪರ ಒಂದಾಗದೆ ದಾರಿಯಿಲ್ಲ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ ಈ ವಿಷಯದಲ್ಲಿ ಬಿಗಿಯಾಗಿತ್ತು. ಜಾತಿಯನ್ನು ಬಾಗಿಲಲ್ಲೇ ಬಿಟ್ಟು ಬರಬೇಕೆಂದಿತು. 1844ರಲ್ಲಿ ದೀಕ್ಷಾಸ್ನಾನ ಪಡೆದ ಸಾರಸ್ವತ ಬ್ರಾಹ್ಮಣ ಯುವಕ ಆನಂದರಾವ್ ಕೌಂಡಿನ್ಯ ಅದಕ್ಕಾಗಿ ತೆತ್ತ ಬೆಲೆ ಸಣ್ಣದಲ್ಲ. ತಮಿಳುನಾಡಿನ ಕಥೆ ಬೇರೆ. ಆರಾಧನೆಯಲ್ಲಿ ಜಾತಿಭೇದ ಕೂಡದೆಂದು 1833ರಲ್ಲಿ ಆಂಗ್ಲಿಕನ್ ಬಿಷಪ್ ಡೇನಿಯಲ್ ವಿಲ್ಸನ್ ಆಜ್ಞೆ ಹೊರಡಿಸಿದಾಗ ಮೇಲ್ಜಾತಿಯ ಕ್ರೈಸ್ತರು ತಿರುಗಿಬಿದ್ದರು. ತಿರುಚಿರಾಪಳ್ಳಿಯ ಮೇಲಪುದೂರಿನ ಸ್ಮಶಾನದಲ್ಲಿ ದಲಿತ ಕ್ರೈಸ್ತರ ಗೋರಿಗಳನ್ನು ಬೇರ್ಪಡಿಸಲು ಕಟ್ಟಿದ ಗೋಡೆ ಇವತ್ತಿಗೂ ಸುದ್ದಿಯಾಗುತ್ತದೆ. ಹೀಗೆ ಬೇರೆ ಇರಿಸುವವರ ಸಮರ್ಥನೆ ಹಳೆಯದು: ಆತ್ಮದಲ್ಲಿ ನಾವೆಲ್ಲ ಒಂದೇ, ಕೂರುವುದು ಉಣ್ಣುವುದು ಲೋಕದ ರೂಢಿ. ಕೊರಿಂಥದ ಉಳ್ಳವರೂ ಹೆಚ್ಚುಕಡಿಮೆ ಹೀಗೆಯೇ ನಡೆದುಕೊಂಡಿದ್ದರು. ಸಭೆಯ ಊಟಕ್ಕೆ ತಂದದ್ದನ್ನು ತಾವೇ ಮೊದಲು ತಿಂದು, ಕುಡಿದು ಮತ್ತರಾಗುತ್ತಿದ್ದರು. ಇಲ್ಲದವರು ಹಸಿದು ಕೂರುತ್ತಿದ್ದರು. ರೊಟ್ಟಿ ಮುರಿದು ಸ್ತೋತ್ರ ಹೇಳುವ ವಿಧಿಗೆ ಅಲ್ಲಿ ಕೊರತೆಯಿರಲಿಲ್ಲ. ಆದರೂ ನೀವು ಉಣ್ಣುತ್ತಿರುವುದು ಕರ್ತನ ಭೋಜನವೇ ಅಲ್ಲ ಎಂದು ಪೌಲ ಅವರಿಗೆ ಬರೆದ.