ಕತ್ತರಿಗೆ ಕಿರೀಟ, ಸೂಜಿಗೆ ಕತ್ತಲೆ

"ರಾತ್ರಿ ಹೊಲದಾಕಿ ಎಲ್ಲಿ ಅದಾಳ? ಆಕೀನ್ನ ಯಾಕ ತೋರ್ಸವಲ್ರು?"

ಅವ್ವ ಹೀಗೆ ಕೇಳಿದ್ದು 2020ರ ಏಪ್ರಿಲ್‌ನಲ್ಲಿ. ಲೋಕಲ್ ಗಾಡಿಗಳು ನಿಂತಿದ್ದವು. ಮುಂಬಯಿಯ ಸಯನ್ ಸ್ಟೇಷನ್ನಿನ ಹೊರಗೆ ನಾಯಿಗಳೂ ಪೊಲೀಸರೂ ಬಿಟ್ಟರೆ ನರಪಿಳ್ಳೆ ಇರಲಿಲ್ಲ. ಹತ್ತಕ್ಕೆ ಹನ್ನೆರಡಡಿಯ ಖೋಲಿಯಲ್ಲಿ ನಾವು ಐದು ಜನ. ತಂಗಿಯ ಮಗಳು ಫೋನನ್ನು ಹಿಟ್ಟಿನ ಡಬ್ಬಿಗೆ ಆನಿಸಿಟ್ಟು 'ಮೇಕಿಂಗ್ ದ ಕಟ್' ನೋಡುತ್ತಿದ್ದಳು. ಅಮೆಜಾನ್ ಪ್ರೈಮ್‌ನ ಫ್ಯಾಷನ್ ಡಿಸೈನ್ ಸ್ಪರ್ಧೆ ಅದು. ದೇಶಕ್ಕೆ ಬೀಗ ಬಿದ್ದ ಮೂರನೆಯ ದಿನ, ಮಾರ್ಚ್ 27ರಂದು ಶುರುವಾಗಿತ್ತು. ನಡೆಸಿಕೊಡುವವರು ಹೈಡಿ ಕ್ಲೂಮ್, ಟಿಮ್ ಗನ್. ಹನ್ನೆರಡು ಮಂದಿ ಡಿಸೈನರುಗಳು. ಮೊದಲ ಕಂತೇ ಪ್ಯಾರಿಸ್ಸಿನಲ್ಲಿ. ಗೆದ್ದವರಿಗೆ ಹತ್ತು ಲಕ್ಷ ಡಾಲರ್.

ಆಟದ ನಿಯಮ ಕೇಳಿ. ಸ್ಪರ್ಧಿಗಳು ಹಗಲಿಡೀ ಚಿತ್ರ ಬರೆಯುತ್ತಾರೆ, ಬಟ್ಟೆ ಆರಿಸುತ್ತಾರೆ, ಕತ್ತರಿಸುತ್ತಾರೆ, ಅಷ್ಟಿಷ್ಟು ಹೊಲಿಯುತ್ತಾರೆ. ಸಂಜೆ ಅಳತೆ, ಸೂಚನೆಗಳನ್ನು ಬರೆದ ಹಾಳೆಯನ್ನು ಬಟ್ಟೆಯ ಜೊತೆಗಿಟ್ಟು ಮಲಗಲು ಹೋಗುತ್ತಾರೆ. ಬೆಳಗ್ಗೆ ಬಂದು ನೋಡಿದರೆ ಹೊಲಿಗೆ ಮುಗಿದಿರುತ್ತದೆ! ಅಜ್ಜಿಕತೆಯಲ್ಲಿ ದೆವ್ವಗಳು ರಾತ್ರೋರಾತ್ರಿ ಕೆರೆ ತೋಡಿ ಹೋಗುತ್ತವಲ್ಲ, ಹಾಗೆ. ರಾತ್ರಿ ಬಂದು ಹೊಲಿದು ಹೋದವರು ಪರದೆಯ ಮೇಲೆ ಕಾಣುವುದೇ ಅಪರೂಪ. ಹೊಲಿಗೆ ಸರಿಬಂದರೆ ಡಿಸೈನರನ ಪ್ರತಿಭೆ, ಸೆಟೆದರೆ ರಾತ್ರಿಯವರ ತಪ್ಪು.

ತಂಗಿಯ ಮಗಳಿಗೆ ಇದು ವಿಚಿತ್ರ ಅನಿಸಲಿಲ್ಲ. ಪದವಿ ಓದಿದ ನನಗೂ ಅನಿಸಲಿಲ್ಲ. ಇಪ್ಪತ್ತೆರಡು ವರ್ಷ ಧಾಗಾ ಕಟಿಂಗು, ಕಾಜಾ-ಬಟನ್ ಮಾಡಿ ಕಣ್ಣು ಮಂಜಾಗಿಸಿಕೊಂಡ ಅವ್ವನಿಗೆ ಮಾತ್ರ ಅನಿಸಿತು. ಆಕೆ ಇಡೀ ಕಂತಿನಲ್ಲಿ ಹುಡುಕಿದ್ದು ಒಬ್ಬಳನ್ನೇ. ಆ ಒಬ್ಬಳೇ ಅಲ್ಲಿರಲಿಲ್ಲ.

ಮುಂಬಯಿ ಕನ್ನಡಿಗರಿಗೆ ಸಯನ್ ಎಂದೊಡನೆ ಗೋಕುಲ ಸಭಾಭವನ ನೆನಪಾಗುತ್ತದೆ, ತಾಳಮದ್ದಳೆ ನೆನಪಾಗುತ್ತದೆ, ಬಾಳೆಎಲೆ ಊಟ ನೆನಪಾಗುತ್ತದೆ. ನೆನಪಾಗಲಿ, ತಕರಾರಿಲ್ಲ. ನನ್ನ ಸಯನ್ ಹಳಿ ದಾಟಿದ ಮೇಲಿನದು. ಮರಾಠಿಗರು ಈ ಊರನ್ನು ಕರೆಯುವುದು ಶೀವ್ ಎಂದು. ಶೀವ್ ಎಂದರೆ ಗಡಿ, ನಮ್ಮ ಸೀಮೆ. ಒಂದು ಕಾಲಕ್ಕೆ ಮುಂಬಯಿ ದ್ವೀಪ ಮುಗಿದು ಸಾಷ್ಟಿ ದ್ವೀಪದ ಕಡೆ ದಾಟುವ ಜಾಗ ಇದಾಗಿತ್ತು. ಸಯನ್ ಕೋಟೆಯೂ ಅದಕ್ಕೇ ಬಂತು. ಕೋಟೆ ಪಾಳುಬಿದ್ದರೂ ಗಡಿ ಉಳಿದಿದೆ. ಹಳಿಯ ಪೂರ್ವಕ್ಕೆ ಸೊಸೈಟಿಗಳ ಸಯನ್, ಪಶ್ಚಿಮಕ್ಕೆ ಧಾರಾವಿ. ಎರಡನ್ನೂ ಜೋಡಿಸುತ್ತಿದ್ದ 1912ರ ಸೇತುವೆಯನ್ನು 2024ರ ಆಗಸ್ಟ್ 1ರಂದು ವಾಹನಗಳಿಗೆ ಮುಚ್ಚಿದರು. ಆಗ ಸಂಚಾರ ತೊಂದರೆಯ ಬಗ್ಗೆ ಪುಟಗಟ್ಟಲೆ ಬರೆದ ಪತ್ರಿಕೆಗಳು, ತಲೆಯ ಮೇಲೆ ಅಂಗಿಗಳ ಗಂಟು ಹೊತ್ತು ಸುತ್ತುಹಾಕುವ ಹೆಂಗಸರನ್ನು ಎಷ್ಟು ಕಂಡವೋ!

ಧಾರಾವಿಯ ಗಲ್ಲಿಯಲ್ಲಿ ಹಗ್ಗ ಹಿಡಿದು ಕಬ್ಬಿಣದ ಏಣಿ ಹತ್ತಿದರೆ ಮಾಳಿಗೆಯ ಕಾರ್ಖಾನೆ. ಬಿಹಾರ, ಉತ್ತರಪ್ರದೇಶದ ಹುಡುಗರು ಸಾಲಾಗಿ ಮಷಿನ್ ಮುಂದೆ ಕೂತಿರುತ್ತಾರೆ. ರಾತ್ರಿ ಅದೇ ಮಷಿನಿನ ಕೆಳಗೆ ಚಾಪೆ ಬಿಚ್ಚುತ್ತಾರೆ. ಮಾಸ್ಟರ್ ಕತ್ತರಿಸುತ್ತಾನೆ, ಒಬ್ಬ ಕಾಲರ್ ಕೂಡಿಸುತ್ತಾನೆ, ಒಬ್ಬ ತೋಳು, ಇನ್ನೊಬ್ಬ ಓವರ್‌ಲಾಕ್. ಆಮೇಲೆ ಗಂಟು ಕಟ್ಟಿ ಮನೆಮನೆಯ ಹೆಂಗಸರಿಗೆ ಕಳಿಸುತ್ತಾರೆ. ದಾರದ ತುದಿ ಕತ್ತರಿಸುವುದು, ಗುಂಡಿ ಹಚ್ಚುವುದು ಅವರ ಪಾಲು. ಡಜನ್ ಅಂಗಿಗೆ ಒಂದೂವರೆ ರೂಪಾಯಿಯಂತೆ ಅವ್ವ ಮಾಡಿದ್ದುಂಟು. ಒಂದರ ಮೇಲೆ ಕಲೆ ಬಿದ್ದರೆ ಇಡೀ ಡಜನ್ನಿನ ಕೂಲಿ ಮುರಿಯುತ್ತಿದ್ದರು.

ಅವ್ವ ಈ ಕೆಲಸಕ್ಕೆ ಯಾಕೆ ಬಂದಳು? ಅಪ್ಪ ವಿಜಯಪುರ ಜಿಲ್ಲೆಯ ಇಂಡಿ ಕಡೆಯಿಂದ ಬಂದು ಗಿರಣಿ ಸೇರಿದ್ದ. 1982ರ ಜನವರಿ 18ರಂದು ಕಾರ್ಮಿಕ ನಾಯಕ ದತ್ತಾ ಸಾಮಂತರ ಹಿಂದೆ ಸುಮಾರು ಎರಡೂವರೆ ಲಕ್ಷ ಬಟ್ಟೆ ಗಿರಣಿ ಕಾರ್ಮಿಕರು ಮುಷ್ಕರ ಹೂಡಿ ಹೊರಗೆ ಬಂದರಲ್ಲ, ಅವರಲ್ಲಿ ಅವನೂ ಒಬ್ಬ. ಮತ್ತೆ ಒಳಗೆ ಹೋಗಲಿಲ್ಲ. ಗಂಡ ನೇಯುವುದು ನಿಂತಾಗ ಹೆಂಡತಿ ಗುಂಡಿ ಹಚ್ಚತೊಡಗಿದಳು. ಇವತ್ತು ಲೋವರ್ ಪರೇಲಿನ ಫೀನಿಕ್ಸ್ ಮಿಲ್ಲಿನ ಅಂಗಳದಲ್ಲಿ ಮಾಲ್ ಎದ್ದಿದೆ. ಒಳಗೆ ದೇಶವಿದೇಶದ ದುಬಾರಿ ಬಟ್ಟೆಯ ಅಂಗಡಿಗಳು. ನೇಯುವವರನ್ನು ಹೊರಗೆ ಹಾಕಿದ ಜಾಗದಲ್ಲೇ ಬಟ್ಟೆ ಮಾರುತ್ತಾರೆ, ಚಿಮಣಿಯನ್ನು ಮಾತ್ರ ಅಲಂಕಾರಕ್ಕೆ ಉಳಿಸಿಕೊಂಡು.

ನಾನೇನು ಆ ಶೋ ನೋಡದೆ ಬೈಯುತ್ತಿಲ್ಲ. ಹತ್ತೂ ಕಂತು ನೋಡಿದೆ, ಬಾಯಿಬಿಟ್ಟುಕೊಂಡೇ ನೋಡಿದೆ. ಬರ್ಲಿನ್ನಿನ ಎಸ್ತರ್ ಪರ್ಬಾಂಟ್ ಇಷ್ಟವಾದಳು. ಬಣ್ಣ ಹಾಕು ಎಂದು ತೀರ್ಪುಗಾರರು ಎಷ್ಟು ಒತ್ತಿದರೂ ಕಪ್ಪನ್ನೇ ನೆಚ್ಚಿದ ಹಟಗಾತಿ. ಕೊನೆಗೆ ಗೆದ್ದವನು ಜಾನಿ ಕೋಟಾ. ಬಟ್ಟೆ ಕನಸುವ ತಲೆಯನ್ನು ನಾನು ಹಳಿಯುವುದಿಲ್ಲ, ಅದೂ ದುಡಿಮೆಯೇ. ನನ್ನ ಸಿಟ್ಟು ಆ ದುಡಿಮೆಯೊಂದನ್ನೇ ದುಡಿಮೆ ಎಂದು ತೋರಿಸುವ ಪರದೆಯ ಮೇಲೆ. ಇದೇ ಕ್ಲೂಮ್, ಇದೇ ಗನ್ ಇದ್ದ, 2004ರಲ್ಲಿ ಶುರುವಾದ 'ಪ್ರಾಜೆಕ್ಟ್ ರನ್‌ವೇ'ಯಲ್ಲಿ ಸ್ಪರ್ಧಿಗಳು ತಾವೇ ತಡರಾತ್ರಿಯವರೆಗೆ ಕೂತು ಹೊಲಿಯಬೇಕಿತ್ತು. ಬೆರಳಿಗೆ ಸೂಜಿ ಚುಚ್ಚಿಕೊಂಡು ಅಳುತ್ತಿದ್ದರು. ಅದೇ 2020ರ ಜನವರಿಯಲ್ಲಿ ನೆಟ್‌ಫ್ಲಿಕ್ಸಿನ 'ನೆಕ್ಸ್ಟ್ ಇನ್ ಫ್ಯಾಷನ್' ಗೆದ್ದ ಕೊರಿಯಾದ ಮಿಂಜು ಕಿಮ್ ಕೂಡ ಮಷಿನ್ ತುಳಿದೇ ಗೆದ್ದವಳು. ಈ ಹೊಸ ಆಟ ಸೂಜಿಯನ್ನು ಸ್ಪರ್ಧೆಯ ಅಂಚಿಗೆ ತಳ್ಳಿತು. ಜಾಗತಿಕ ಬ್ರ್ಯಾಂಡ್ ಕಟ್ಟುವವನಿಗೆ ಹೊಲಿಯುತ್ತ ಕೂರಲು ಪುರಸೊತ್ತೆಲ್ಲಿ ಎನ್ನುವುದು ಅದರ ತರ್ಕ. ಹಾಗೆ ನೋಡಿದರೆ ಇದೇ ಹೆಚ್ಚು ಪ್ರಾಮಾಣಿಕ. ಬಟ್ಟೆಯ ಲೋಕ ನಡೆಯುವುದೇ ಹೀಗೆ, ಯಜಮಾನ ಹಾಸಿಗೆಗೆ ಹೋದ ಮೇಲೆ. ಗೆದ್ದ ಉಡುಪು ಕಂತು ಬಂದ ಕೂಡಲೇ ಅಮೆಜಾನಿನಲ್ಲಿ ಮಾರಾಟಕ್ಕೆ ಬಂತು. ಅದನ್ನು ನೂರಾರು ಸಲ ಮತ್ತೆಮತ್ತೆ ಹೊಲಿದವರಿಗೆ ಯಾವ ಕಂತಿನಲ್ಲಿ ಜಾಗ?

ಫೋನಿನಲ್ಲಿ ಪ್ಯಾರಿಸ್, ಟೋಕಿಯೊ ಬೆಳಗುತ್ತಿದ್ದಾಗ ಕಿಟಕಿಯಾಚೆ ಏನಾಗುತ್ತಿತ್ತು? ಏಪ್ರಿಲ್ 1ರಂದು ಧಾರಾವಿಯಲ್ಲಿ ಕೊರೊನಾದ ಮೊದಲ ಪ್ರಕರಣ ಸಿಕ್ಕಿತು. ಸೋಂಕಿತರನ್ನು ಹೊತ್ತ ಆಂಬುಲೆನ್ಸುಗಳು ನಮ್ಮ ಸಯನ್ ಆಸ್ಪತ್ರೆಯ ಕಡೆ ಓಡುತ್ತಿದ್ದವು. ವಿದೇಶಿ ಬ್ರ್ಯಾಂಡುಗಳು ಆರ್ಡರು ರದ್ದು ಮಾಡಿದವು, ಸೇಠ್‌ಗಳು ಫೋನು ಎತ್ತಲಿಲ್ಲ, ಮಾಳಿಗೆಯ ಹುಡುಗರು ಬೆನ್ನಿಗೆ ಚೀಲ ಕಟ್ಟಿಕೊಂಡು ನಾಸಿಕದ ಹೆದ್ದಾರಿ ಹಿಡಿದರು. ಕೆಲವು ಟಿವಿ ಚಾನೆಲ್ಲುಗಳು ಅವರನ್ನು ರೋಗ ಹರಡುವವರು ಎಂದವು. ಅಂತೂ ಒಮ್ಮೆ ಪರದೆಯ ಮೇಲೆ ಬಂದರು ನೋಡಿ, ಅಪರಾಧಿಗಳಾಗಿ.

ಈ ಸ್ಪರ್ಧೆಯ ಕೊನೆಯ ಕಂತು ಬಂದದ್ದು ಏಪ್ರಿಲ್ 24ಕ್ಕೆ. ಆ ದಿನಾಂಕ ಯಾರಿಗೂ ಚುಚ್ಚಲಿಲ್ಲವೇ? ಅದಕ್ಕೆ ಸರಿಯಾಗಿ ಏಳು ವರ್ಷ ಹಿಂದೆ, 2013ರ ಏಪ್ರಿಲ್ 24ರಂದು, ಢಾಕಾ ಪಕ್ಕದ ಸಾವರ್‌ನಲ್ಲಿ ಎಂಟು ಮಹಡಿಯ ರಾಣಾ ಪ್ಲಾಜಾ ಕುಸಿದಿತ್ತು. ಹಿಂದಿನ ದಿನವೇ ಗೋಡೆ ಬಿರುಕು ಬಿಟ್ಟಿತ್ತು. ಅದೇ ಕಟ್ಟಡದ ಬ್ಯಾಂಕು ತನ್ನ ಸಿಬ್ಬಂದಿಯನ್ನು ಮನೆಗೆ ಕಳಿಸಿತು. ಗಾರ್ಮೆಂಟ್ ಕೆಲಸದವರನ್ನು ಮಾತ್ರ ಮರುದಿನ ಒಳಗೆ ಕರೆಸಿಕೊಂಡರು, ಯುರೋಪು ಅಮೆರಿಕಗಳ ಆರ್ಡರು ಕಾಯುತ್ತಿತ್ತಲ್ಲ. 1,134 ಜನ ಸತ್ತರು. ಅವಶೇಷದಡಿ ಹೆಣಗಳ ಜೊತೆ ಸಿಕ್ಕ ಲೇಬಲ್ಲುಗಳಲ್ಲಿ ಬ್ರ್ಯಾಂಡಿನ ಹೆಸರುಗಳು ನಿಚ್ಚಳವಾಗಿದ್ದವು. ಆ ದಿನವನ್ನೇ ಆರಿಸಿಕೊಂಡು ಕಿರೀಟ ತೊಡಿಸಿದರು ಎಂದು ನಾನು ಹೇಳುತ್ತಿಲ್ಲ. ನೆನಪೇ ಇಲ್ಲದ್ದರಿಂದ ತೊಡಿಸಿದರು, ಅದು ಇನ್ನೂ ಕೆಟ್ಟದ್ದು.

ದೂರದ ಢಾಕಾ ಯಾಕೆ, ಕಾವೇರಿ ದಂಡೆಗೇ ಬನ್ನಿ. 2020ರ ಜೂನ್‌ನಲ್ಲಿ ಶ್ರೀರಂಗಪಟ್ಟಣದಲ್ಲಿ ವಿದೇಶಿ ಬ್ರ್ಯಾಂಡಿಗೆ ಹೊಲಿಯುತ್ತಿದ್ದ ಕಾರ್ಖಾನೆ ಬಾಗಿಲು ಹಾಕಿತು. ಸಾವಿರಕ್ಕೂ ಮಿಕ್ಕಿದ ಕಾರ್ಮಿಕರು, ಬಹುಪಾಲು ಹೆಣ್ಣುಮಕ್ಕಳು, ವಾರಗಟ್ಟಲೆ ಗೇಟಿನ ಮುಂದೆ ಕೂತರು. ಅವರ ಪ್ರತಿಭಟನೆಯ ಒಂದು ಕಂತನ್ನಾದರೂ ನಾವು ಹಿಟ್ಟಿನ ಡಬ್ಬಿಗೆ ಫೋನ್ ಆನಿಸಿಟ್ಟು ನೋಡಿದೆವೇ?

"ಮನರಂಜನೆಯಲ್ಲಿ ಇದನ್ನೆಲ್ಲ ಎಳೆದು ತರಬೇಡಿ" ಎಂದು ಗೆಳೆಯರು ಬುದ್ಧಿ ಹೇಳಿದರು. ಸ್ವಾಮಿ, ಎಳೆದು ತಂದವನು ನಾನಲ್ಲ. ಬಟ್ಟೆಯ ಜೊತೆ ಅದನ್ನು ಹೊಲಿದ ಕೈಯೂ ಬಂದೇ ಇರುತ್ತದೆ. ಬಂದದ್ದನ್ನು ಕ್ಯಾಮೆರಾದ ಹೊರಗೆ ನಿಲ್ಲಿಸಿದವರು ಅವರು. ಅಡುಗೆ ಸ್ಪರ್ಧೆಯೊಂದರಲ್ಲಿ ಸ್ಪರ್ಧಿ ಪದಾರ್ಥದ ಹೆಸರು ಬರೆದಿಟ್ಟು ಮಲಗಲು ಹೋಗಿ, ಬೆಳಗ್ಗೆ ಯಾರೋ ಬೇಯಿಸಿದ್ದನ್ನು ಬಡಿಸಿ ಬಹುಮಾನ ಹೊಡೆದರೆ ನೀವು ಒಪ್ಪುತ್ತೀರಾ? ಬಟ್ಟೆಯ ವಿಷಯದಲ್ಲಿ ಮಾತ್ರ ಒಪ್ಪುತ್ತೀರಿ. ಮುಟ್ಟಿಸಿಕೊಳ್ಳದೆ ದುಡಿಸಿಕೊಳ್ಳುವ ವಿದ್ಯೆ ಈ ನಾಡಿಗೆ ಹೊಸದಲ್ಲ. ಬೆಳಗಾಗುವ ಮೊದಲು ಬೀದಿ ಗುಡಿಸಿ ಮರೆಯಾಗಬೇಕೆಂದು ವಿಧಿಸಿದ ಊರುಗಳು ನಮ್ಮವು. ಕಣ್ಣಿಗೆ ಬೀಳದೆ ಕೆಲಸ ಮುಗಿಸಿ ಹೋಗು ಎಂಬ ಆ ಹಳೆಯ ಆಜ್ಞೆಗೂ ಈ ಸ್ಟುಡಿಯೋದ ರಾತ್ರಿಪಾಳಿಗೂ ನೆಂಟಸ್ತಿಕೆ ಕಾಣದಿದ್ದರೆ ಅದು ಕಣ್ಣಿನ ದೋಷ.

ಹೆಸರಿಡುವುದು ಕಷ್ಟವೇ? ಹನ್ನೆರಡನೆಯ ಶತಮಾನದ ಕಲ್ಯಾಣಕ್ಕೆ ಕಷ್ಟವಾಗಲಿಲ್ಲ. ಅಲ್ಲಿ ಹೊಲಿಯುವವನೊಬ್ಬ ವಚನಕಾರನಾಗಿದ್ದ. ಅವನನ್ನು ಕನ್ನಡ ಇವತ್ತಿಗೂ ಕರೆಯುವುದು ಸೂಜಿಕಾಯಕದ ರಾಮಿತಂದೆ ಎಂದು. ನೂಲುವವಳು ಕದಿರ ರೆಮ್ಮವ್ವೆ. ಅವರಿಗೂ ಹಿಂದಿನ ನೇಕಾರ ಜೇಡರ ದಾಸಿಮಯ್ಯ. ಕಾಯಕವೇ ಹೆಸರಿನ ಮುಂದೆ ಬಂದು ನಿಂತಿತು, ಬಿರುದಿನ ಹಾಗೆ. ಎಂಟುನೂರು ವರ್ಷ ಹಿಂದೆ ಸೂಜಿಗೆ ಹೆಸರು ಕೊಟ್ಟ ಭಾಷೆಯಲ್ಲಿ ಮಾತಾಡುವ ನಾವು ಇವತ್ತು ಅಂಗಿಯ ಕತ್ತಿನ ಹಿಂದಿನ ಲೇಬಲ್ ಓದಿ ಪುಳಕಗೊಳ್ಳುತ್ತೇವೆ.

ಸಮಗಾರ ಹರಳಯ್ಯನ ಕತೆಯೂ ಗೊತ್ತಲ್ಲ? ಅವನೂ ಹೆಂಡತಿ ಕಲ್ಯಾಣಮ್ಮನೂ ತೊಡೆಯ ಚರ್ಮ ತೆಗೆದು ಬಸವಣ್ಣನಿಗೆ ಚಮ್ಮಾವುಗೆ ಮಾಡಿದರು. ಬಸವಣ್ಣ ಅದನ್ನು ಮೆಟ್ಟಲಿಲ್ಲ, ತಲೆಯ ಮೇಲೆ ಹೊತ್ತ. ಮಾಡಿದ ಕೈಯ ಬೆಲೆ ಅರಿತವನ ರೀತಿ ಅದು. ಅದೇ ಹರಳಯ್ಯನ ಕುಲದವರು ಅಥಣಿ, ನಿಪ್ಪಾಣಿ ಕಡೆ ಇವತ್ತಿಗೂ ಚಪ್ಪಲಿ ಹೊಲಿಯುತ್ತಾರೆ. ಅದಕ್ಕೆ ಕೊಲ್ಹಾಪುರಿ ಎಂದು ಹೆಸರು. 2019ರಲ್ಲಿ ಸಿಕ್ಕ ಭೌಗೋಳಿಕ ಗುರುತು ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆ ಬೆಳಗಾವಿ, ಬಾಗಲಕೋಟೆ, ಧಾರವಾಡ, ವಿಜಯಪುರಕ್ಕೂ ಸೇರಿದ್ದು. 2025ರ ಜೂನ್‌ನಲ್ಲಿ ಪ್ರಾಡಾ ಕಂಪನಿ ಅಂಥದೇ ಚಪ್ಪಲಿಯನ್ನು ಮಿಲಾನಿನ ರ‍್ಯಾಂಪ್ ಮೇಲೆ ನಡೆಸಿತು, ಊರಿನ ಹೆಸರೂ ಹೇಳದೆ. ಗದ್ದಲವೆದ್ದ ಮೇಲೆ ಒಪ್ಪಿಕೊಂಡಿತು. ಡಿಸೆಂಬರಿನಲ್ಲಿ ಎರಡೂ ರಾಜ್ಯಗಳ ಚರ್ಮೋದ್ಯಮ ನಿಗಮಗಳ ಜೊತೆ ಕೈಜೋಡಿಸಿ ಸುಮಾರು 800 ಯೂರೋ ಬೆಲೆಯ 2,000 ಜೊತೆ ಮಾಡಿಸುವುದಾಗಿ ಹೇಳಿತು. ಗದ್ದಲ ಮಾಡಿದರೆ ಹೆಸರು ಬರುತ್ತದೆ ಎನ್ನುವುದು ಇಲ್ಲಿನ ಪಾಠ. ಸುಮ್ಮನಿದ್ದಾಗ ಅದು ಬರೀ ಚರ್ಮದ ಚಪ್ಪಲಿ.

ನಮ್ಮ ಮುಂಬಯಿಯೂ ಮೆರವಣಿಗೆಯಲ್ಲಿ ಹಿಂದಿಲ್ಲ. 2023ರ ಮಾರ್ಚ್ 30ರಂದು ಗೇಟ್‌ವೇ ಆಫ್ ಇಂಡಿಯಾದ ಮುಂದೆ ಡಿಯೋರ್ ಕಂಪನಿ ತನ್ನ ಫ್ಯಾಷನ್ ಪ್ರದರ್ಶನ ನಡೆಸಿತು. ಇಲ್ಲಿಯ ಚಾಣಕ್ಯ ಕಸೂತಿ ಶಾಲೆಯ ಹೆಸರು ಹೇಳಿತು, ಒಳ್ಳೆಯದು. ಶಾಲೆಯ ಹೆಸರಿನಾಚೆ ಒಂದೊಂದು ಟಾಂಕೆ ಹಾಕಿದವರ ಹೆಸರು? ಮರುದಿನವೇ ಬಾಂದ್ರಾ-ಕುರ್ಲಾ ಕಾಂಪ್ಲೆಕ್ಸಿನಲ್ಲಿ ಅಂಬಾನಿ ಸಾಂಸ್ಕೃತಿಕ ಕೇಂದ್ರ ತೆರೆಯಿತು, ಒಳಗೆ ಭಾರತ ಜಗತ್ತಿನ ಫ್ಯಾಷನ್ನಿಗೆ ಕೊಟ್ಟ ಕಾಣಿಕೆಯ ಪ್ರದರ್ಶನ. ಅಲ್ಲಿಂದ ಧಾರಾವಿಗೆ ಮೀಠಿ ನದಿಯಷ್ಟೇ ಅಡ್ಡ. ಆ ದಡದಲ್ಲಿ ಕಸೂತಿಗೆ ಗಾಜಿನ ಪೆಟ್ಟಿಗೆ, ಈ ದಡದಲ್ಲಿ ಕಸೂತಿಯವನಿಗೆ ಮಷಿನಿನ ಕೆಳಗಿನ ಚಾಪೆ.

ಸೂಜಿ ಹಿಡಿದ ಕೈಗೆ ಬಾಯಿಲ್ಲ ಎಂದುಕೊಂಡವರು 2016ರ ಏಪ್ರಿಲ್ 18, 19ನ್ನು ನೆನೆಯಲಿ. ಭವಿಷ್ಯನಿಧಿಯ ಹಣವನ್ನು ಪೂರ್ತಿ ಕೈಗೆ ಕೊಡದೆ 58 ವರ್ಷದವರೆಗೆ ತಡೆಹಿಡಿಯುವ ನಿಯಮ ಬಂದಾಗ ಬೆಂಗಳೂರಿನ ಗಾರ್ಮೆಂಟ್ ಹೆಣ್ಣುಮಕ್ಕಳು ಯಾವ ಮುಖಂಡನಿಗೂ ಕಾಯದೆ ಹೊಸೂರು ರಸ್ತೆಗಿಳಿದರು. ಲಾಠಿ ತಿಂದರು. ಎರಡೇ ದಿನಕ್ಕೆ ದಿಲ್ಲಿ ನಿಯಮವನ್ನು ವಾಪಸು ಪಡೆಯಿತು. ಟ್ರಾಫಿಕ್ ಜಾಮಿನ ಸಿಟ್ಟಿನಲ್ಲಿ ಹಾರ್ನ್ ಬಾರಿಸಿದ ಎಷ್ಟೋ ಮಂದಿಯ ಮೈಮೇಲೆ ಅವರೇ ಹೊಲಿದ ಅಂಗಿ ಇದ್ದಿರಬೇಕು.

ನೋಡುಗನಾಗಿ ನಾನು ಬೇಡುವುದು ದೊಡ್ಡದೇನಲ್ಲ. ರೂಪದರ್ಶಿ ರ‍್ಯಾಂಪ್ ಮೇಲೆ ಬಂದಾಗ ಪರದೆಯ ಕೆಳಗೆ ಡಿಸೈನರನ ಹೆಸರು ಬರುತ್ತದಲ್ಲ, ಅದರ ಜೊತೆಗೆ ಹೊಲಿದವಳ ಹೆಸರೂ ಬರಲಿ. ಆ ರಾತ್ರಿಗೆ ಆಕೆಗೆ ಸಿಕ್ಕ ಕೂಲಿಯೂ ಬರಲಿ. ಬಹುಮಾನ ಕೊಡುವಾಗ ಆಕೆಯೂ ವೇದಿಕೆಯ ಮೇಲೆ ಇರಲಿ, ಹಗಲು ಬೆಳಕಿನಲ್ಲಿ.

ಕೊನೆಯ ಕಂತು ಮುಗಿದ ರಾತ್ರಿ ತಂಗಿಯ ಮಗಳು ಚಪ್ಪಾಳೆ ತಟ್ಟಿದಳು. ಹತ್ತು ಲಕ್ಷ ಡಾಲರ್ ಎಂದರೆ ನಮ್ಮ ರೂಪಾಯಿಯಲ್ಲಿ ಎಷ್ಟು ಎಂದು ಅವ್ವ ಕೇಳಿದಳು. ಏಳೂವರೆ ಕೋಟಿ ಆಗಬಹುದು ಎಂದೆ. ಅವ್ವ ಬೆರಳು ಮಡಚಿ ಎಣಿಸಲು ಹೋಗಿ ಬಿಟ್ಟಳು. ಡಜನ್ನಿನ ಲೆಕ್ಕಕ್ಕೆ ಪಳಗಿದ ಬೆರಳು ಅಷ್ಟಕ್ಕೆ ಸಾಲಲಿಲ್ಲ.

"ಇರಲಿ ತಮ್ಮಾ," ಎಂದಳು. "ಅದರಾಗ ರಾತ್ರಿ ಹೊಲದಾಕೀಗಿ ಎಷ್ಟ ಕೊಟ್ರು?"